ಅರ್ಧ ನಿಮಿಷದ ಕೋಡಿ

ಯಲಹಂಕ ಹಳೇ ಊರಿನಲ್ಲಿ ಬಾಲರಾಜುವಿನ ಅಂಗಡಿಗೆ ಎರಡು ಬೋರ್ಡುಗಳಿದ್ದವು. ಮೇಲಿನದರಲ್ಲಿ ‘ಶ್ರೀ ಗಂಗಾ ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋ’ ಎಂದೂ ಕೆಳಗಿನದರಲ್ಲಿ ‘ಇದ್ದದ್ದು ಇದ್ದ ಹಾಗೆ’ ಎಂದೂ ಬರೆದಿತ್ತು. ಎರಡನೆಯದು ಜೆರಾಕ್ಸಿಗೆ ಕೊಟ್ಟ ಭರವಸೆಯೋ, ಫೋಟೋಗೆ ಕೊಟ್ಟ ಎಚ್ಚರಿಕೆಯೋ ಎಂಬ ಬಗ್ಗೆ ಗಿರಾಕಿಗಳಲ್ಲಿ ಒಮ್ಮತವಿರಲಿಲ್ಲ. 2017ರ ಮಳೆಗಾಲದಲ್ಲಿ ಮೂರನೆಯ ಬೋರ್ಡು ಬಂತು: ‘ಬಾಲರಾಜು, ನಿಸರ್ಗ ಛಾಯಾಗ್ರಾಹಕರು’. ಆವರೆಗೆ ಅವನು ತೆಗೆದಿದ್ದ ನಿಸರ್ಗವೆಂದರೆ ನೀಲಿ ಪರದೆಯ ಮುಂದೆ ಕೂತ ಮನುಷ್ಯರ ಮುಖಗಳು ಮತ್ತು ಒಮ್ಮೆ ವಿಮೆಯವರಿಗಾಗಿ ತೆಗೆದ ಒಂದು ಸತ್ತ ಎಮ್ಮೆ.

ಮೂರನೆಯ ಬೋರ್ಡಿಗೆ ಕಾರಣ ಒಂದು ದುಂಡನೆಯ ಕಪ್ಪು ಗಾಜು. ಅವನ ಹೆಂಡತಿಯ ಹೆಸರು ಇಂದು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಏನ್ರೀ ಇದು? ಏನೂ ಕಾಣ್ಸಲ್ಲ.”

“ಕಾಣ್ಸಬಾರ್ದು ಅಂತಾನೇ ಮಾಡಿರೋದು. ಎನ್‌ಡಿ ಫಿಲ್ಟರ್ ಅಂತ.”

“ಕಾಣ್ಸದೇ ಇರೋಕೆ ಲೆನ್ಸಿನ ಮುಚ್ಚಳ ಇತ್ತಲ್ಲ. ಅದು ಕ್ಯಾಮೆರಾ ಜೊತೇಲೇ ಬಂದಿತ್ತು.”

ಇಂದುವಿನ ವಾದದಲ್ಲಿ ಹುರುಳಿತ್ತು, ಆದರೆ ವಿಷಯ ಪೂರ್ತಿಯಾಗಿರಲಿಲ್ಲ. ಎನ್‌ಡಿ ಫಿಲ್ಟರ್ ಎಂದರೆ ಕ್ಯಾಮೆರಾಕ್ಕೆ ಹಾಕುವ ತಂಪು ಕನ್ನಡಕ. ಬಣ್ಣ ಕೆಡಿಸದೆ ಬೆಳಕನ್ನು ಮಾತ್ರ ತಡೆಯುತ್ತದೆ. ಸಾಮಾನ್ಯವಾಗಿ ಹಗಲಿನಲ್ಲಿ ಕ್ಯಾಮೆರಾದ ಕಣ್ಣು ಚಿಟಿಕೆ ಹೊಡೆಯುವುದರೊಳಗೆ ತೆರೆದು ಮುಚ್ಚಬೇಕು, ಇಲ್ಲವಾದರೆ ಚಿತ್ರ ಬರೀ ಬಿಳಿಯಾಗುತ್ತದೆ. ಈ ಗಾಜು ಹಾಕಿದರೆ ಆ ಕಣ್ಣನ್ನು ಅರ್ಧ ನಿಮಿಷ ತೆರೆದೇ ಇಡಬಹುದು. ಅಷ್ಟರಲ್ಲಿ ನಿಂತದ್ದು ನಿಂತ ಹಾಗೆ ಚಿತ್ರದಲ್ಲಿ ಉಳಿಯುತ್ತದೆ. ಅಲುಗಿದ್ದು ಕರಗುತ್ತದೆ. ಹರಿಯುವ ನೀರು ಹಾಲಿನಂತಾಗುತ್ತದೆ.

ಗಾಜಿಗೆ ಒಂದು ಕೆಟ್ಟ ಗುಣವಿತ್ತು. ಲೆನ್ಸಿಗೆ ತಿರುಗಿಸಿ ಹಾಕಿದರೆ ಮತ್ತೆ ಬಿಚ್ಚಿ ಬರುತ್ತಿರಲಿಲ್ಲ. ಬಾಲರಾಜು ಬೆವರಿಳಿಸಿ ಸೋತಮೇಲೆ, ಇಂದು ಉಪ್ಪಿನಕಾಯಿ ಬಾಟಲಿ ತೆಗೆಯುವಂತೆ ಅದರ ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ಉಸಿರು ಬಿಗಿಹಿಡಿದು ಒಂದು ತಿರುವು ಕೊಟ್ಟರೆ ಬರುತ್ತಿತ್ತು. ಒಂದು ಮಧ್ಯಾಹ್ನ ಇಂದು ಮನೆಯಲ್ಲಿರಲಿಲ್ಲ. ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಬಂದ ಸಂಗಪ್ಪ ಮೇಷ್ಟ್ರನ್ನು ಬಾಲರಾಜು ಎಲ್ಲ ದೀಪ ಹಚ್ಚಿ, “ಅಲ್ಲಾಡ್ಬೇಡಿ ಸಾರ್, ಅರ್ಧ ನಿಮಿಷ ಅಷ್ಟೇ” ಎಂದು ಕೂರಿಸಿದ. ಮೇಷ್ಟ್ರು ಮಧ್ಯದಲ್ಲಿ ಒಮ್ಮೆ ಸೀನಿದರು. ಫೋಟೋದಲ್ಲಿ ಕೋಟು ಚೆನ್ನಾಗಿ ಬಂದಿತ್ತು. ಕೋಟಿನ ಮೇಲೆ ಇಡ್ಲಿ ಪಾತ್ರೆಯಿಂದೇಳುವಂಥ ಒಂದು ಆವಿ ಇತ್ತು.

ಇಂಥ ಸಾಧನದೊಂದಿಗೆ ಬಾಲರಾಜು ಸೆಪ್ಟೆಂಬರಿನ ಒಂದು ಬೆಳಗ್ಗೆ ಬಿದಿರುಕಟ್ಟೆ ಕೆರೆಗೆ ಹೋದ. ಯಲಹಂಕದಿಂದ ಹೆಸರಘಟ್ಟದ ಕಡೆ ಹೋಗುವ ದಾರಿಯಲ್ಲಿರುವ ಬಿದಿರುಕಟ್ಟೆ ಅವನ ತಂದೆಯ ಊರು. ಆ ವರ್ಷ ಮಳೆ ಚೆನ್ನಾಗಿತ್ತು. ಕೆರೆಯಲ್ಲಿ ನೀರಿತ್ತು, ಆದರೆ ತುಂಬಿರಲಿಲ್ಲ. ತುಂಬಿದಾಗ ನೀರು ಉಕ್ಕಿ ಹೊರಬೀಳಲೆಂದು ಹಿಂದಿನವರು ಕಟ್ಟಿದ ಕೋಡಿಯ ಕಲ್ಲುಗಳಲ್ಲಿ ಒಂದು ಸಂದಿ ಬಿಟ್ಟಿತ್ತು. ಅದರಿಂದ ಮನೆಯ ಸಿಂಟೆಕ್ಸ್ ತುಂಬಿದಾಗ ಪೈಪಿನಲ್ಲಿ ಬರುವಷ್ಟು ನೀರು ಕಲ್ಲಿನಿಂದ ಕಲ್ಲಿಗೆ ಇಳಿದು, ಕೆಳಗೆ ಪಾದ ಮುಳುಗುವಷ್ಟು ಗುಂಡಿಯಲ್ಲಿ ನಿಲ್ಲುತ್ತಿತ್ತು. ಬಾಲರಾಜು ಕ್ಯಾಮೆರಾ ಸ್ಟ್ಯಾಂಡನ್ನು ನೆಲಕ್ಕೆ ಅಂಟುವಂತೆ ತಗ್ಗಿಸಿ, ಹೊಟ್ಟೆಯ ಮೇಲೆ ಮಲಗಿ, ಅರ್ಧ ನಿಮಿಷದ ಒಂದು ಚಿತ್ರ ತೆಗೆದ.

ಚಿತ್ರ ನೋಡಿ ಅವನಿಗೇ ಮೈ ಜುಮ್ಮೆಂದಿತು. ಕೋಡಿಯಿಂದ ಹಾಲಿನ ಹೊಳೆ ಇಳಿಯುತ್ತಿತ್ತು. ತಡೆಯಲಾರದೆ ಅದನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಕೆಳಗೆ ಒಂದಕ್ಷರವನ್ನೂ ಬರೆಯಲಿಲ್ಲ. ಕಲೆ ತಾನೇ ಮಾತಾಡಬೇಕು ಎಂದು ಎಲ್ಲೋ ಕೇಳಿದ್ದ.

ಕಲೆ ಮಾತಾಡಿತು.

ಮರುದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಕಲಾವತಿ ಮೇಡಂ ಕಾದು ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಇವರು ಕೆರೆಯ ಅಂಚಿನ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ.

“ಬಾಲರಾಜು ಅವ್ರೇ, ಈ ನೊರೆ ಯಾವತ್ತು ತೆಗ್ದಿದ್ದು?”

“ಯಾವ ನೊರೆ ಮೇಡಂ?”

“ಬೆಳ್ಳಂದೂರಿನ ನೊರೆ ನಮ್ಮ ಕೆರೆಗೂ ಬಂತಲ್ರೀ! ಎರಡು ವರ್ಷದಿಂದ ಬಡ್ಕೊತಾ ಇದೀನಿ, ನಾಳೆ ನಮಗೂ ಬರತ್ತೆ ಅಂತ. ಒಬ್ರೂ ಸೀರಿಯಸ್ಸಾಗಿ ತಗೊಳ್ಳಲಿಲ್ಲ. ಈಗ ಪ್ರೂಫ್ ಸಿಕ್ತು.”

ಮೇಡಂ ಮುಖದಲ್ಲಿ ಆತಂಕವಿತ್ತು. ಆತಂಕದ ಹಿಂದೆ, ಸರಿಯುತ್ತರ ಬರೆದು ಬಂದ ವಿದ್ಯಾರ್ಥಿಯ ತೃಪ್ತಿಯೂ ಇತ್ತು.

“ಅದು ನೊರೆ ಅಲ್ಲ ಮೇಡಂ, ನೀರು.”

“ಬೆಂಗಳೂರಲ್ಲಿ ಬಿಳೀ ನೀರು ಯಾವ ಕೆರೇಲಿ ನೋಡಿದೀರಿ?”

ಅಷ್ಟರಲ್ಲಿ ಒಂದು ದೊಡ್ಡ ಕಾರು ಬಂದು ನಿಂತಿತು. ಇಳಿದವರು ಚಿಕ್ಕಬೈರಪ್ಪನವರು. ಇವರು ಬಿದಿರುಕಟ್ಟೆಯ ಗಂಗಮ್ಮನ ಗುಡಿಯ ಧರ್ಮದರ್ಶಿ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸೈಟುಗಳನ್ನು ಬೆಳೆಯುತ್ತಾರೆ. ಕೆರೆಗೆ ನೀರು ತರುವ ಕಾಲುವೆಯ ಮೇಲೆಯೇ ಅವರ ಬಡಾವಣೆಯ ರಸ್ತೆ ಮಲಗಿದೆ ಎಂಬ ದೂರು ಬಹಳ ಕಾಲದಿಂದ ಕೇಳಿಬರುತ್ತಿತ್ತು.

“ಲೇ ಬಾಲ್ರಾಜ, ಬಾರೋ ಇಲ್ಲಿ, ನಿನ್ ಬಾಯ್ಗೆ ಸಕ್ಕರೆ ಆಕ್ತೀನಿ! ಕೆರೆ ಕೋಡಿ ಬಿತ್ತಲ್ಲೋ! ಕಾಲುವೆ ಮುಚ್ಬುಟ್ಟವ್ರೆ, ಕೆರೆಗೆ ನೀರೇ ಬರಾಕಿಲ್ಲ ಅಂತ ಬೊಗಳ್ತಿದ್ರಲ್ಲ, ಅವರ ಬಾಯ್ಗೆ ಮಣ್ಣು ಬಿತ್ತು ನೋಡು. ಶುಕ್ರವಾರ ಗಂಗಮ್ಮಂಗೆ ಬಾಗಿನ. ತಮಟೆಯವ್ರಿಗೂ ಏಳಾಯ್ತು.”

“ಗೌಡ್ರೇ, ಕೋಡಿ ಬಿದ್ದಿಲ್ಲ...”

“ಫೋಟೋ ತೆಗ್ದೋನು ನೀನೇ, ಇಲ್ಲ ಅನ್ನೋನೂ ನೀನೇನಾ?” ಎಂದು ಚಿಕ್ಕಬೈರಪ್ಪನವರು ಎರಡನೆಯ ಬೋರ್ಡಿನ ಕಡೆ ಬೆರಳು ತೋರಿಸಿದರು. “ಏನ್ ಬರ್ಕೊಂಡಿದ್ದೀಯ ಓದು.”

“ಕೋಡಿ ಏನ್ರೀ, ಅದು ಕೆಮಿಕಲ್ಲು” ಎಂದರು ಕಲಾವತಿ ಮೇಡಂ.

“ಗಂಗಮ್ಮನ್ನ ಕೆಮಿಕಲ್ ಅಂತೀರೇನಮ್ಮ ನೀವು?”

ಬಾಲರಾಜು ಇಬ್ಬರ ನಡುವೆ ಕೈ ಜೋಡಿಸಿ ನಿಂತ. “ಇಬ್ರೂ ಒಂದ್ನಿಮಿಷ ಕೇಳಿ. ಅಲ್ಲಿ ಬರ್ತಿರೋದು ಚೂರೇ ಚೂರು ನೀರು. ನಾನು ಕರೀ ಗಾಜು ಹಾಕಿ ಅರ್ಧ ನಿಮಿಷ ಕ್ಯಾಮೆರಾ ತೆಗ್ದಿಟ್ಟಿದ್ದೆ. ಆ ಅರ್ಧ ನಿಮಿಷದ ನೀರೆಲ್ಲ ಒಂದೇ ಫೋಟೋದಲ್ಲಿ ಸೇರ್ಕೊಂಡು ಹಂಗೆ ಕಾಣತ್ತೆ.”

ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಚಿತ್ರವನ್ನು ಮತ್ತೊಮ್ಮೆ ನೋಡಿದರು.

“ಅರ್ಧ ನಿಮಿಷಕ್ಕೇ ಇಷ್ಟು ನೊರೆನಾ!” ಎಂದರು ಮೇಡಂ.

“ಅಂದ್ರೆ ನೀರು ಬಂದಿದ್ದು ದಿಟ ಅಂತಾಯ್ತು” ಎಂದರು ಗೌಡರು.

ವಿವರಣೆ ಇಷ್ಟು ಬೇಗ ಇಬ್ಬರಿಗೂ ಒಪ್ಪಿಗೆಯಾಗುವುದನ್ನು ಬಾಲರಾಜು ಜೀವನದಲ್ಲಿ ಕಂಡಿರಲಿಲ್ಲ. ಇಬ್ಬರೂ ಆ ಚಿತ್ರದ ಒಂದೊಂದು ಪ್ರಿಂಟ್ ಹಾಕಿಸಿಕೊಂಡೇ ಹೋದರು.

ಸಂಜೆ ಒಂದು ಫೋನು ಬಂತು. ಮಾತಾಡಿದವರು ಆ ಭಾಗದ ಕೆರೆಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನರಸಿಂಹಯ್ಯ.

“ಏನ್ರೀ, ನನ್ನ ಟೇಬಲ್ ಮೇಲೆ ಎರಡು ಅರ್ಜಿ ಇದೆ. ಒಂದ್ರಲ್ಲಿ ಕೆರೆ ಕೆಟ್ಟೋಗಿದೆ, ಇನ್ನೊಂದ್ರಲ್ಲಿ ಕೆರೆ ತುಂಬಿಹೋಗಿದೆ. ಎರಡಕ್ಕೂ ಒಂದೇ ಫೋಟೋ ಅಂಟ್ಸಿದಾರೆ. ಎರಡರ ಹಿಂದೇನೂ ನಿಮ್ಮ ಅಂಗಡಿ ಸೀಲು. ನಾನು ಯಾವುದನ್ನ ನಂಬ್ಲಿ?”

“ಎರಡೂ ಅಲ್ಲ ಸಾರ್.”

“ಹಾಗಂತ ಮೂರನೇ ಅರ್ಜಿ ಬಂದ್ರೆ ನನ್ನ ಗತಿ ಏನು? ಶುಕ್ರವಾರ ನಾನೇ ಬರ್ತೀನಿ. ಅಲ್ಲಿವರೆಗೂ ಇನ್ನೊಂದು ಫೋಟೋ ತೆಗೀಬೇಡಿ. ಕೈ ಮುಗೀತೀನಿ.”

ಇದಿಷ್ಟೇ ಆಗಿದ್ದರೆ ಬಾಲರಾಜು ನಕ್ಕು ಸುಮ್ಮನಾಗುತ್ತಿದ್ದ. ಮನೆಗೆ ಹೋದಾಗ ಅತ್ತೆ ಗೋಪಾಲಮ್ಮ ನಡುಮನೆಯಲ್ಲಿ ಎರಡು ಹೊಸ ಮೊರಗಳಿಗೆ ಅರಿಶಿನ ಬಳಿಯುತ್ತಾ ಕೂತಿದ್ದರು.

ಗೋಪಾಲಮ್ಮ ಅವನಿಗೆ ಎರಡು ದಾರಿಯಿಂದ ಅತ್ತೆ. ತಂದೆಯ ಅಕ್ಕನಾದ್ದರಿಂದ ಸೋದರತ್ತೆ, ಇಂದುವಿನ ತಾಯಿಯಾದ್ದರಿಂದ ಹೆಣ್ಣು ಕೊಟ್ಟ ಅತ್ತೆ. ಬಯ್ಯಬೇಕಾದಾಗ ಮೊದಲನೆಯ ಹಕ್ಕನ್ನೂ, ಊಟಕ್ಕೆ ಬಲವಂತ ಮಾಡುವಾಗ ಎರಡನೆಯದನ್ನೂ ಬಳಸುತ್ತಿದ್ದರು.

“ಬಂದ್ಯಾ ಬಾಲ್ರಾಜ? ಕೂತ್ಕೋ. ಇಂದು ಫೋನಲ್ಲಿ ತೋರ್ಸಿದ್ಳು. ನೋಡ್ತಿದ್ದಂಗೇ ಕಣ್ಣಲ್ಲಿ ನೀರು ಬಂದ್ಬುಡ್ತು ಕಣೋ. ನನ್ ಅರಕೆ ಇವತ್ತಿಗೆ ಕೈಗೆ ಬಂತು.”

ಹರಕೆಯ ಕಥೆ ಬಾಲರಾಜುವಿಗೆ ಗೊತ್ತಿತ್ತು. ಇಂದು ಎರಡು ವರ್ಷದ ಮಗುವಾಗಿದ್ದಾಗ ಜ್ವರ ನೆತ್ತಿಗೇರಿ ಉಳಿಯುವುದೇ ಅನುಮಾನವಾಗಿತ್ತು. ಗಂಡನೊಡನೆ ತವರಿಗೆ ಬಂದಿದ್ದ ಗೋಪಾಲಮ್ಮ ಮಗುವನ್ನೆತ್ತಿಕೊಂಡು ಕೆರೆ ಏರಿಗೆ ಓಡಿ, ‘ನನ್ನ ಕೂಸು ಉಳಿಸಿಕೊಡು ತಾಯಿ, ನಿನ್ನ ನೀರು ಕೋಡಿಕಲ್ಲಿಂದ ಈಚೆಗೆ ಬಂದ ದಿನ ಬಾಗಿನ ಕೊಡ್ತೀನಿ’ ಎಂದು ಹೇಳಿಕೊಂಡಿದ್ದರು. ಮಗು ಉಳಿಯಿತು. ಆಮೇಲೆ ಕೆರೆ ಕೋಡಿ ಬಿದ್ದದ್ದು ಒಂದೇ ಸಲ. ಆ ವಾರ ಅವರು ಗಂಡನ ಹಾಸಿಗೆಯ ಪಕ್ಕ ಆಸ್ಪತ್ರೆಯಲ್ಲಿದ್ದರು. ಗಂಡ ಮನೆಗೆ ಬರಲಿಲ್ಲ. ಅನಂತರದ ವರ್ಷಗಳಲ್ಲಿ ಬಡಾವಣೆಗಳು ಬಂದವು, ಕೋಡಿ ಬೀಳಲಿಲ್ಲ.

“ಅತ್ತೆ, ಆ ಫೋಟೋ ಇದ್ಯಲ್ಲ...”

“ಊಂ. ಸಂದಾಗಿ ತೆಗ್ದಿದ್ದೀಯ. ಮಂಡಿ ನೋವು ಜಾಸ್ತಿ ಆಗೈತೆ, ಅರಕೆ ಉಳಿಸ್ಕೊಂಡೇ ವೋಗ್ಬುಡ್ತೀನೇನೋ ಅಂತ ದಿನಾ ರಾತ್ರಿ ಭಯ ಆಗ್ತಿತ್ತು. ನೀನೇ ತೋರಿಸ್ಕೊಟ್ಟೆ. ಏನೋ ಏಳಕ್ಕೆ ಬಂದೆಯಲ್ಲ, ಏನು?”

ಅಡುಗೆಮನೆಯಲ್ಲಿ ಇಂದು ಪಿಸುದನಿಯಲ್ಲಿ ಕೇಳಿದಳು. “ಹೇಳಿದ್ರಾ?”

“ಹೇಳೋಕ್ ಹೋದೆ.”

“ಏನ್ ಹೇಳಿದ್ರಿ?”

“ಹಸಿರು ಬಳೆ ನಾನೇ ತಂದುಕೊಡ್ತೀನಿ ಅಂದೆ.”

ಬಯ್ಯುವುದಕ್ಕೆಂದು ಇಂದು ತೆರೆದ ಬಾಯಿಯಿಂದ ಬೇರೆ ಮಾತು ಬಂತು. “ಅಮ್ಮಂಗೆ ಬೇಜಾರಾದ್ರೆ ನನ್ನಿಂದ ನೋಡೋಕಾಗಲ್ಲ ಕಣ್ರೀ.”

“ನಂಗೂ” ಎಂದ ಬಾಲರಾಜು. ಆ ರಾತ್ರಿ ಅವನು ಮಳೆಗಾಗಿ ಪ್ರಾರ್ಥಿಸಿದ. ಶುಕ್ರವಾರದವರೆಗೆ ಯಲಹಂಕದ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಶುಕ್ರವಾರ ಬೆಳಗ್ಗೆ ಬಿದಿರುಕಟ್ಟೆ ಕೆರೆಯ ಏರಿಯ ಮೇಲೆ ಎರಡು ಸಮಾರಂಭಗಳು ಒಟ್ಟಿಗೆ ಸೇರಿದ್ದವು. ಒಂದು ಕಡೆಯಿಂದ ತಮಟೆ, ಹೂವಿನ ಹಾರ ಮತ್ತು ಜರಿ ಶಾಲಿನ ಚಿಕ್ಕಬೈರಪ್ಪನವರು ಬಂದರು. ಇನ್ನೊಂದು ಕಡೆಯಿಂದ ಮೂಗಿಗೆ ಮಾಸ್ಕ್ ಹಾಕಿದ ಅಪಾರ್ಟ್‌ಮೆಂಟ್ ನಿವಾಸಿಗಳು, ಕೈಯಲ್ಲಿ ನೀರಿನ ಮಾದರಿಗೆ ಖಾಲಿ ಬಾಟಲಿ ಹಿಡಿದ ಕಲಾವತಿ ಮೇಡಂ. ನಡುವೆ ಜೀಪಿನಿಂದಿಳಿದ ನರಸಿಂಹಯ್ಯ. ಮೂವರೂ ಒಂದೇ ಸಲ ಕೋಡಿಯನ್ನು ಇಣುಕಿ ನೋಡಿದರು.

ತಮಟೆ ನಿಂತಿತು. ಆ ಮೌನದಲ್ಲಿ ನೀರು ಇಳಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಬಾತ್‌ರೂಮಿನ ನಲ್ಲಿ ಸರಿಯಾಗಿ ಮುಚ್ಚದಿದ್ದರೆ ಬರುವಂಥ ಸದ್ದು.

“ಇದೇನೋ?” ಎಂದರು ಚಿಕ್ಕಬೈರಪ್ಪನವರು.

“ಇದೇ ಗೌಡ್ರೇ.”

“ಎಮ್ಮೆ ಇದಕ್ಕಿಂತ ಜಾಸ್ತಿ ಉಯ್ತದಲ್ಲೋ!”

ಕಲಾವತಿ ಮೇಡಂ ಮಾಸ್ಕ್ ಇಳಿಸಿ ಮೂಸಿ ನೋಡಿದರು. ವಾಸನೆಯಿಲ್ಲ. ಬಾಟಲಿಯಲ್ಲಿ ಹಿಡಿದು ಕುಲುಕಿದರು. ನೊರೆಯಿಲ್ಲ. ಇನ್ನೂ ಜೋರಾಗಿ ಕುಲುಕಿದರು. “ಎಷ್ಟು ಜನಕ್ಕೆ ಮೆಸೇಜ್ ಕಳಿಸಿದೀನಿ ಗೊತ್ತೇನ್ರೀ? ಇಷ್ಟು ಕ್ಲೀನಾಗಿದ್ರೆ ನಾನು ಮುಖ ಹೇಗ್ರೀ ತೋರಿಸ್ಲಿ?” ಎಂದು ಬಾಲರಾಜುವಿನ ಮೇಲೆ ಹರಿಹಾಯ್ದರು. ನರಸಿಂಹಯ್ಯ ಒಬ್ಬರೇ ಹಗುರಾಗಿ ಉಸಿರುಬಿಟ್ಟರು. ಅಷ್ಟರಲ್ಲಿ ಕಲ್ಲಿನ ಸಂದಿ ಕಣ್ಣಿಗೆ ಬಿದ್ದು, ಅದಕ್ಕೂ ಒಂದು ಕಡತ ತೆರೆಯಬೇಕಾದೀತೆಂದು ಹೊಳೆದು, ಕಣ್ಣನ್ನು ಬೇರೆ ಕಡೆ ತಿರುಗಿಸಿದರು.

ಆಗ ಏರಿಯ ಮೇಲೆ ಗೋಪಾಲಮ್ಮ ಕಾಣಿಸಿದರು. ಹಸಿರು ಸೀರೆ, ಎದೆಗೊತ್ತಿಕೊಂಡ ಜೋಡಿ ಮೊರ. ಮೊಣಕೈ ಹಿಡಿದು ಇಂದು. ಮಂಡಿನೋವಿನಿಂದ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದರು.

ಬಯ್ಗುಳ ತಾನಾಗಿ ನಿಂತಿತು. ಜನ ದಾರಿ ಬಿಟ್ಟರು. ಬಾಲರಾಜು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ.

ಗೋಪಾಲಮ್ಮ ಕೋಡಿಯ ಬಳಿ ಬಂದು ನೋಡಿದರು. ಮೊರ ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು.

“ಇಷ್ಟೇನಾ?” ಎಂದರು. ಯಾರನ್ನೂ ಕೇಳಿದಂತಿರಲಿಲ್ಲ.

“ಅತ್ತೆ, ತಪ್ಪಾಯ್ತು. ಅವತ್ತೇ ಹೇಳ್ಬೇಕಿತ್ತು...”

ಗೋಪಾಲಮ್ಮ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಪ್ಯಾಂಟು, ಬೂಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ ನೋಡಿ ನರಸಿಂಹಯ್ಯನವರ ಕಡೆ ತಿರುಗಿದರು.

“ನೀವು ಸರ್ಕಾರದೋರಾ ಸಾಮಿ?”

“ಹೌದಮ್ಮ.”

“ಇದು ಕೆರೆ ನೀರೇನಾ?”

“ಕೆರೆ ನೀರೇ.”

“ಕೋಡಿಕಲ್ಲು ದಾಟಿ ಬಂದೈತಾ?”

ನರಸಿಂಹಯ್ಯ ಎಚ್ಚರವಾದರು. ಇಷ್ಟು ವರ್ಷಗಳ ಸರ್ಕಾರಿ ನೌಕರಿಯಲ್ಲಿ ಅವರು ಯಾವ ಪ್ರಶ್ನೆಗೂ ನೇರವಾಗಿ ಹೌದು ಎಂದವರಲ್ಲ. “ದಾಟಿ ಅಂತ ಹೇಳೋಕಾಗಲ್ಲ. ಕಲ್ಲಿನ ಸಂದಿಯಿಂದ... ಅದು ಪರಿಶೀಲನೆ ಮಾಡ್ಬೇಕು.”

“ಮ್ಯಾಲಿಂದನೋ ಸಂದಿಯಿಂದನೋ ನಾನು ಕೇಳ್ನಿಲ್ಲ. ಕಲ್ಲಿಂದ ಆಚೆ ಇದ್ದ ನೀರು ಈಚೆಗೆ ಬಂತಾ, ಇಲ್ವಾ?”

ಹೌದೆಂದರೆ ಕೋಡಿ ಸೋರುತ್ತಿದೆಯೆಂದು ಎಲ್ಲರ ಮುಂದೆ ಒಪ್ಪಿಕೊಂಡಂತೆ. ನಾಳೆಯಿಂದ ರಿಪೇರಿ, ಅಂದಾಜುಪಟ್ಟಿ, ಓಡಾಟ. ನರಸಿಂಹಯ್ಯ ಕಲ್ಲನ್ನು ನೋಡಿದರು. ಮೊರವನ್ನು ನೋಡಿದರು. ಅರಿಶಿನ ಇನ್ನೂ ಹಸಿಯಾಗಿತ್ತು.

“ಬಂತಮ್ಮ” ಎಂದರು. “ಈಚೆಗೆ ಬಂದಿದೆ. ನಾನು ಹೇಳ್ತಾ ಇದೀನಿ.”

“ಅಂಗಾರೆ ಸರಿ. ನಾನು ಏಳ್ಕೊಂಡಿದ್ದೂ ಅಷ್ಟೇಯ. ಈಚೆಗೆ ಬಂದ ದಿನ ಅಂದಿದ್ದೆ, ಎಷ್ಟು ಅಂತ ಅಂದಿರ್ನಿಲ್ಲ.”

ಚಿಕ್ಕಬೈರಪ್ಪನವರು ಗಂಟಲು ಸರಿಮಾಡಿಕೊಂಡರು. “ಅದಲ್ಲ ಗೋಪಾಲಕ್ಕ, ಬಾಗಿನ ಅಂದ್ರೆ ಮುತ್ತೈದೆ ಕೊಡಾದು. ಭಾವ ಓಗಿ ಇಷ್ಟು ವರ್ಷ ಆತು. ಇಂದು ಕೈಲಿ ಕೊಡ್ಸಿದ್ರೆ...”

“ಅರಕೆ ಒತ್ತಾಗ ನಿಮ್ ಭಾವ ನನ್ ಪಕ್ಕದಲ್ಲೇ ನಿಂತಿದ್ರು ಕಣೋ ಬೈರ. ಗಂಗಮ್ಮ ನೋಡವ್ಳೆ. ನೀನಾಗ ಚಡ್ಡಿ ಇಲ್ದೆ ಇದೇ ಕಲ್ಲ್ ಮ್ಯಾಲೆ ಜಾರ್ತಿದ್ದೆ. ನೀರು ಬರೋ ದಾರೀಲಿ ರೋಡ್ ಮಾಡ್ಕೊಂಡು ನಂಗೆ ಶಾಸ್ತ್ರ ಏಳ್ಬೇಡ.”

ಧರ್ಮದರ್ಶಿಗಳು ಶಾಲು ಸರಿಪಡಿಸಿಕೊಂಡರು. ತಮಟೆಯವರು ನಗು ತಡೆಯಲಾರದೆ ತಮಟೆ ಬಾರಿಸತೊಡಗಿದರು. ಹೀಗೆ ಕಾರ್ಯಕ್ರಮ ವಿಧಿವತ್ತಾಗಿ ಆರಂಭವಾಯಿತು.

ಗೋಪಾಲಮ್ಮ ಗುಂಡಿಯ ನೀರಿಗಿಳಿದರು. ಮೊರಗಳೊಳಗೆ ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ, ಕಾಯಿ, ಬಾಲರಾಜು ತಂದ ಹಸಿರು ಬಳೆ. ಆಗ ಎಲ್ಲರಿಗೂ ಒಟ್ಟಿಗೆ ನೆನಪಾದದ್ದು ಫೋಟೋ. ಕೋಡಿ ಬೀಳದಿದ್ದರೂ ಬಾಗಿನದ ಸುದ್ದಿ ಪತ್ರಿಕೆಗೆ ಕಳಿಸಬಹುದೆಂದು ಗೌಡರಿಗೂ, ನೊರೆಯಿಲ್ಲದಿದ್ದರೂ ಸಂಘ ಹಾಜರಿತ್ತೆಂದು ತೋರಿಸಬಹುದೆಂದು ಮೇಡಂಗೂ ಹೊಳೆಯಿತು. ಇಬ್ಬರೂ ತಮ್ಮ ಕಡೆಯವರನ್ನು ಕರೆದುಕೊಂಡು ಗೋಪಾಲಮ್ಮನವರ ಅಕ್ಕಪಕ್ಕ ತುಂಬಿಕೊಂಡರು.

ಬಾಲರಾಜು ಫಿಲ್ಟರ್ ತಿರುಗಿಸಿದ. ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಬರಲಿಲ್ಲ. ಇಂದುವಿನ ಕಡೆ ನೋಡಿದ. ಅವಳ ಎರಡೂ ಕೈ ಅಮ್ಮನ ಮೊಣಕೈ ಹಿಡಿದಿದ್ದವು. ಅವಳಿಗೆ ವಿಷಯ ತಕ್ಷಣ ಅರ್ಥವಾಗಿ ನಗು ಉಕ್ಕಿತು.

“ಏನಾತ್ಲಾ, ತೆಗಿಯೋ!” ಎಂದರು ಚಿಕ್ಕಬೈರಪ್ಪನವರು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. “ಎಲ್ರೂ ಕೇಳಿಸ್ಕೊಳ್ಳಿ. ಅರ್ಧ ನಿಮಿಷ ಯಾರೂ ಅಲ್ಲಾಡ್ಬೇಡಿ. ದಯವಿಟ್ಟು ಅಲ್ಲಾಡ್ಬೇಡಿ.”

ಎಲ್ಲರೂ ಒಪ್ಪಿದರು. ಬಟನ್ ಒತ್ತಿದ ಕೂಡಲೇ ಚಿಕ್ಕಬೈರಪ್ಪನವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರು ಸೈಟು ಕೇಳಿದವನಿಗೆ ‘ಕಾರ್ನರ್ದು ಓಗ್ಬುಡ್ತು’ ಎನ್ನುತ್ತಾ ಕೈ ಬೀಸತೊಡಗಿದರು. ಕಲಾವತಿ ಮೇಡಂ ಬಾಟಲಿಯನ್ನು ಕಲ್ಲಿನ ಮೇಲಿಟ್ಟು, ಹಿಂದೆ ನಿಂತ ಸದಸ್ಯರನ್ನು ಒಬ್ಬೊಬ್ಬರಾಗಿ ಮುಂದಕ್ಕೆಳೆದರು. ಫೋಟೋದಲ್ಲಿ ಇರಬಾರದೆಂದು ನರಸಿಂಹಯ್ಯ ಮೆಲ್ಲಗೆ ಪಕ್ಕಕ್ಕೆ ಸರಿದರು. ತಮಟೆಯವರು ಕುಣಿದರು. ಇಂದು ಗಂಡನ ಮುಖ ನೋಡಿ ನಗು ತಡೆಯಲು ತಲೆ ಅತ್ತಿತ್ತ ತಿರುಗಿಸಿದಳು, ಕೈ ಮಾತ್ರ ಬಿಡಲಿಲ್ಲ.

ಗೋಪಾಲಮ್ಮ ಕಣ್ಣು ಮುಚ್ಚಿ, ಮೊರವನ್ನು ಹಣೆಗೆತ್ತಿ ನಿಂತಿದ್ದರು. ಅವರಿಗೆ ದೇವಿಯೊಡನೆ ಹೇಳಿಕೊಳ್ಳುವುದು ಬಹಳವಿತ್ತು. ಅಲುಗಲಿಲ್ಲ.

ಆಮೇಲೆ ಮಗುವನ್ನು ಬಾಗಿಲು ದಾಟಿಸುವಂತೆ ಮೆಲ್ಲಗೆ ಮೊರವನ್ನು ನೀರಿಗೆ ಬಿಟ್ಟರು. ಪಾದದಷ್ಟು ನೀರಿನಲ್ಲಿ ಅದು ತೇಲಲಿಲ್ಲ. ಅವರು ಬೆರಳಿನಿಂದ ಒಮ್ಮೆ ನೂಕಿದರು. ಮೊರ ಅರ್ಧ ಸುತ್ತು ತಿರುಗಿ ಕಲ್ಲಿಗೆ ಒರಗಿ ಕೂತಿತು. “ಅಲ್ಲೇ ಇಟ್ಕೊಂಡ್ಳು” ಎಂದು ಗೋಪಾಲಮ್ಮ ಕೈ ಮುಗಿದರು.

ಮರುದಿನ ಅಂಗಡಿಗೆ ಒಬ್ಬೊಬ್ಬರಾಗಿ ಬಂದರು.

“ನಾನೆಲ್ಲೋ?” ಎಂದರು ಚಿಕ್ಕಬೈರಪ್ಪನವರು.

ಬಾಲರಾಜು ಚಿತ್ರದ ಎಡಭಾಗದಲ್ಲಿ ಜರಿ ಬಣ್ಣದ ಒಂದು ಹೊಗೆಯನ್ನು ತೋರಿಸಿದ. ಕಲಾವತಿ ಮೇಡಂ ಎಲ್ಲೂ ಇರಲಿಲ್ಲ. ಅವರ ಬಾಟಲಿ ಮಾತ್ರ, ಮುಚ್ಚಳದ ಗೆರೆ ಎಣಿಸುವಷ್ಟು ಸ್ಪಷ್ಟವಾಗಿ ಕಲ್ಲಿನ ಮೇಲೆ ಕೂತಿತ್ತು. ಇಬ್ಬರೂ ಮೂರನೆಯ ಬೋರ್ಡು ತೆಗೆಸಬೇಕೆಂದು ಹೇಳಿ ಹೋದರು. ನರಸಿಂಹಯ್ಯ ಚಿತ್ರವನ್ನು ಮೂಲೆ ಮೂಲೆಯಲ್ಲೂ ಪರೀಕ್ಷಿಸಿ, ತಾವಿಲ್ಲವೆಂದು ಖಾತ್ರಿಯಾದ ಮೇಲೆ, ಮನೆಗೆಂದು ಒಂದು ಪ್ರತಿ ಕೇಳಿದರು.

ಚಿತ್ರದಲ್ಲಿ ಕೋಡಿಯ ತುಂಬ ಹಾಲಿನಂಥ ನೀರಿತ್ತು. ಸುತ್ತ ಬಣ್ಣಬಣ್ಣದ ಮಂಜು. ನಡುವೆ ಮೊರ ಎತ್ತಿ ಹಿಡಿದ ಒಬ್ಬ ಮುದುಕಿ. ಉಸಿರಾಟಕ್ಕೆ ಸೆರಗಿನ ಅಂಚು ಒಂದಿಷ್ಟು ಕರಗಿತ್ತು, ಮುಖ ಕರಗಿರಲಿಲ್ಲ. ಮಂಜಿನೊಳಗಿಂದ ಬಂದ ಎರಡು ಕೈಗಳು ಅವಳ ಮೊಣಕೈ ಹಿಡಿದಿದ್ದವು. ಆ ಕೈಗಳ ಬಳೆಗಳನ್ನು ಗುರುತಿಸಬಹುದಿತ್ತು.

ಬಾಲರಾಜು ದೊಡ್ಡ ಪ್ರಿಂಟ್ ತೆಗೆದು ಮನೆಗೆ ಒಯ್ದ. ಗೋಪಾಲಮ್ಮ ಕನ್ನಡಕ ಹಾಕಿಕೊಂಡು, ಬೆಳಕಿಗೆ ತಿರುಗಿಸಿ ನೋಡಿದರು. ಮಗಳ ಕೈಯ ಮೇಲೆ ಬೆರಳಾಡಿಸಿದರು. ಆಮೇಲೆ ನೀರಿನ ಮೇಲೆ.

“ನಾನು ಕಣ್ ಮುಚ್ಕೊಂಡಿದ್ದೆ. ನೀರು ಇಷ್ಟೊಂದು ಬಂದಿತ್ತಾ ಬಾಲ್ರಾಜ?”

ಇಂದು ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ‘ಇದ್ದದ್ದು ಇದ್ದ ಹಾಗೆ’ ಎಂಬ ಬೋರ್ಡಿನ ಕೆಳಗೆ ಇಷ್ಟು ವರ್ಷ ಅನ್ನ ತಿಂದವನು ಒಮ್ಮೆ ಕೆಮ್ಮಿದ.

“ಆ ಅರ್ಧ ನಿಮಿಷದಲ್ಲಿ ಬಂದಿದ್ದೆಲ್ಲ ಸೇರಿಸಿದ್ರೆ, ಇಷ್ಟು ಬಂದಿತ್ತು ಅತ್ತೆ.”

ಗೋಪಾಲಮ್ಮ ತಲೆಯಾಡಿಸಿದರು. ಚಿತ್ರವನ್ನು ಸೆರಗಿನಿಂದ ಒರೆಸಿ, ಒದ್ದೆಯಾಗಿದೆಯೇನೋ ಎಂಬಂತೆ ಸೆರಗನ್ನು ಮುಟ್ಟಿ ನೋಡಿಕೊಂಡರು.

“ಅಂಗಾದ್ರೆ ನಾನು ಕಾದಿದ್ದ ವರ್ಷದ್ದೆಲ್ಲ ಸೇರ್ಸಿದ್ರೆ,” ಎಂದರು, “ಕೋಡಿ ಬಿದ್ದಂಗೇ ಬಿಡು.”